ಹೊಗೆಕೋಣೆಯ ಬೆಂಚು

ಆ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಕೂರಬೇಕೆಂದರೆ ಸಿಗರೇಟು ಸೇದಬೇಕಿತ್ತು. ಸೇದದವರು ನಿಂತಿರಬೇಕಿತ್ತು.

ತಮಾಷೆ ಅಂದುಕೊಳ್ಳಬೇಡಿ. ಹಿಂದೊಮ್ಮೆ ಯಾವನೋ ಗಂಡಸು ಒಣಗಿದ ಬಟ್ಟೆಯ ರಾಶಿಯ ಹಿಂದೆ ಕದ್ದು ಸೇದಿ, ಕಿಡಿ ಹಾರಿ, ಅರ್ಧ ಗೋದಾಮು ಸುಟ್ಟಿತ್ತು. ಮನೆ ಸುಟ್ಟ ಮೇಲೆ ಬಾವಿ ತೋಡಿದ ಹಾಗೆ ಮಾಲೀಕ ಆಮೇಲೆ ಎಚ್ಚೆತ್ತ. ಹಿಂಬಾಗಿಲ ಪಕ್ಕದಲ್ಲಿ ತಗಡಿನ ಸಣ್ಣ ಕೋಣೆ ಕಟ್ಟಿಸಿದ. ಒಳಗೆ ಒಂದು ಬೆಂಚು, ಒಂದು ಮರಳಿನ ಬಕೆಟ್ಟು, ಒಂದು ಫ್ಯಾನು. ಫ್ಯಾನು ಹಾಕಿದ ವರ್ಷವೇ ಕೆಟ್ಟಿತು, ಮತ್ತೆ ಯಾರೂ ಅದರ ಕಡೆ ತಲೆ ಎತ್ತಿ ನೋಡಲಿಲ್ಲ. ಸೇದುವವರು ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಅಲ್ಲಿ ಹೋಗಿ ಕೂತು, ಸೇದಿ ಬರಬಹುದು. ಸೇದದವರಿಗೆ ಹೊರಗೇನು ಕೆಲಸ? ಅವರು ಒಳಗೇ ಇರಲಿ. ಬೇರೆಲ್ಲೂ ಒಂದು ಸ್ಟೂಲು ಕೂಡ ಇಲ್ಲ, ನೆಲದ ಮೇಲೂ ಕೂರುವ ಹಾಗಿಲ್ಲ. ಊಟವನ್ನೂ ಎದೆಮಟ್ಟದ ಕಟ್ಟೆಯ ಮುಂದೆ ನಿಂತೇ ಮುಗಿಸಬೇಕು. ಕೂತು ತಿಂದರೆ ಏಳಲು ಸೋಮಾರಿತನ ಬರುತ್ತದೆ ಎಂದು ಯಾರೋ ಓದಿದವನು ಮಾಲೀಕನ ಕಿವಿ ಊದಿದ್ದನಂತೆ.

ಹೀಗಾಗಿ ಹೆಂಗಸರು ಸೇದಲು ಕಲಿತರು. ಶೋಕಿಗಲ್ಲ. ಕಾಲುನೋವಿಗೆ.

ಸಿಡುಕಿ ಕಲಿತದ್ದೂ ಹಾಗೆಯೇ. ಅವಳ ಹೆಸರು ಬೇರೆ ಇತ್ತು, ಸಂಬಳದ ಚೀಟಿಯಲ್ಲಿ ಬಿಟ್ಟರೆ ಎಲ್ಲೂ ಅದು ಚಲಾವಣೆಯಲ್ಲಿರಲಿಲ್ಲ. ಮಾತಿಗೆ ಮುಂಚೆ ಮೂಗಿನ ತುದಿಗೆ ಸಿಟ್ಟು ಬರುತ್ತಿದ್ದರಿಂದ ಸಿಡುಕಿಯಾದಳು. ಸೇರಿದ ಹೊಸದರಲ್ಲಿ ಸಂಜೆಯ ಹೊತ್ತಿಗೆ ಮೊಣಕಾಲು ಮಡಚಲು ಬಾರದೆ ಗೋಡೆ ಹಿಡಿದುಕೊಂಡು ನಿಂತಿದ್ದಾಗ, ಅಲ್ಲಿಯ ಹಳೆಯ ಹುಲಿ ದೊಡ್ಡಕ್ಕ ಬಂದು ಅವಳ ಬಾಯಿಗೆ ಒಂದು ಸಿಗರೇಟು ತುರುಕಿದಳು.

"ಎಳಿ."

"ನಂಗಿದೆಲ್ಲ ಬರಲ್ಲ ಅಕ್ಕ."

"ಹುಟ್ತಾ ಯಾರಿಗೂ ಬರಲ್ಲ. ಎಳೆದ್ರೆ ಬೆಂಚು ಸಿಗುತ್ತೆ. ಜೊತೆಗೆ ಮೂಗು ಸಾಯುತ್ತೆ. ಆಮೇಲೆ ನಿಂಗೆ ಹೇಲೂ ಒಂದೇ, ಹೂವೂ ಒಂದೇ."

ಸಿಡುಕಿ ಎಳೆದಳು, ಕೆಮ್ಮಿದಳು, ಮರಳಿನ ಬಕೆಟ್ಟಿಗೆ ವಾಂತಿ ಮಾಡಿದಳು. ಆದರೆ ಬೆಂಚಿನ ಮೇಲೆ ಕೂತು ಮಾಡಿದಳು. ಅಷ್ಟು ಹೊತ್ತು ಕಾಲಿಗೆ ಜೀವ ಬಂತು.

ಮೂಗು ಸಾಯಲೇಬೇಕಿತ್ತು, ಯಾಕೆಂದರೆ ಅವಳ ಕೆಲಸ ಬೇರ್ಪಡಿಸುವ ಕೋಣೆಯಲ್ಲಿ. ಊರಿನ ದೊಡ್ಡಾಸ್ಪತ್ರೆಯ ಮೈಲಿಗೆ ಬಟ್ಟೆಯೆಲ್ಲ ಬಂದು ಬೀಳುವುದು ಅಲ್ಲಿಗೆ. ಲಾರಿ ಹಿಂಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತದೆ, ಕೆಂಪು ಚೀಲಗಳು ಉರುಳುತ್ತವೆ. ಚೀಲದ ಬಾಯಿ ಬಿಚ್ಚಿದರೆ ಮೊದಲು ಎದ್ದು ಬರುವುದು ವಾಸನೆ. ವಾಸನೆ ಅನ್ನುವುದು ಮರ್ಯಾದೆಯ ಮಾತಾಯಿತು. ನಾತ. ಹಳಸಿದ ರಕ್ತ, ಹೇಲು, ಕೀವು, ವಾಂತಿ, ಇಷ್ಟರ ಮೇಲೆ ಆಸ್ಪತ್ರೆಯ ಔಷಧಿಯ ಘಾಟು. ಹಾಸುವ ಬಟ್ಟೆ ಒಂದು ಕಡೆ, ರೋಗಿಗಳ ಗೌನು ಒಂದು ಕಡೆ, ಟವೆಲು ಒಂದು ಕಡೆ. ಅಂಟಿಕೊಂಡದ್ದನ್ನು ಕೈಯಾರೆ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಮಿಷನ್ನು ಕಟ್ಟಿಕೊಳ್ಳುತ್ತದೆ. ನಡುವೆ ಸೂಜಿಗಳು ಸಿಗುತ್ತವೆ. ಹಲ್ಲಿನ ಸೆಟ್ಟು ಸಿಕ್ಕಿದೆ. ಒಮ್ಮೆ ಹತ್ತಿಯಲ್ಲಿ ಸುತ್ತಿದ ಕಾಲ್ಬೆರಳು ಸಿಕ್ಕಿತ್ತು. ಕೈಗವಸು ತೂತಾದರೆ ಹೊಸದು ಬೇಕೆಂದು ಸೂಪರ್‌ವೈಸರ್ ಮುಂದೆ ನಿಲ್ಲಬೇಕು. ಅವನು ಅದನ್ನು ಬೆಳಕಿಗೆ ಹಿಡಿದು, "ಎಲ್ಲಿ ತೂತು? ನಂಗೆ ಕಾಣ್ತಿಲ್ವಲ್ಲ" ಅನ್ನುತ್ತಾನೆ. ತೂತು ಅವನಿಗೆ ಕಾಣುವ ಹೊತ್ತಿಗೆ ಅದರಿಂದ ಬೆರಳು ಹೊರಗೆ ಬಂದಿರುತ್ತದೆ.

ಈ ಸೂಪರ್‌ವೈಸರನಿಗೆ ಹೆಂಗಸರು ಇಟ್ಟ ಹೆಸರು ಪೀಪಿ. ಕೊರಳಲ್ಲಿ ಸದಾ ಒಂದು ಪೀಪಿ. ಊದಿದರೆ ಕೆಲಸ, ಊದಿದರೆ ಊಟ, ಊದಿದರೆ ಮತ್ತೆ ಕೆಲಸ. ಬಾಯಿಂದ ಮಾತಾಡಿದ್ದಕ್ಕಿಂತ ಪೀಪಿಯಿಂದ ಮಾತಾಡಿದ್ದೇ ಹೆಚ್ಚು.

ಸಿಡುಕಿಯ ಮೊದಲ ಬಸಿರು ಆ ಕೋಣೆಯಲ್ಲಿಯೇ ಬೆಳೆಯಿತು, ಆ ಕೋಣೆಯಲ್ಲಿಯೇ ಸತ್ತಿತು. ಯಾವತ್ತು ಸತ್ತಿತೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಬೆಳಗಿನಿಂದ ಸಂಜೆಯವರೆಗೆ ನಿಂತು, ಬಗ್ಗಿ, ಎತ್ತಿ, ಎಸೆದು, ಮನೆಗೆ ಹೋಗಿ ಹೆಣದಂತೆ ಬೀಳುವವಳಿಗೆ ಹೊಟ್ಟೆಯೊಳಗೆ ಯಾರು ಮಿಸುಕಿದರು, ಯಾರು ಸುಮ್ಮನಾದರು ಎಂದು ನೋಡುವ ಪುರುಸೊತ್ತೆಲ್ಲಿ? ಒಂದು ದಿನ ಹೊಟ್ಟೆ ತಣ್ಣಗಿದೆ ಅನ್ನಿಸಿತು. ಅದೇ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು, "ಹೋಗಿ ದಿನ ಆಗಿದೆ. ನಿನಗೆ ಗೊತ್ತಾಗಲೇ ಇಲ್ಲವಾ?" ಎಂದು ಕೇಳಿದರು.

ನಿನಗೆ ಗೊತ್ತಾಗಲೇ ಇಲ್ಲವಾ. ಆ ಮಾತು ಕಿವಿಯಲ್ಲಿ ಸೀಸ ಕಾಯಿಸಿ ಹೊಯ್ದ ಹಾಗೆ ಉಳಿಯಿತು. ಸತ್ತ ಕೂಸನ್ನು ಹೆತ್ತು, ಸುಧಾರಿಸಿಕೊಳ್ಳುವ ಮೊದಲೇ ಕೆಲಸಕ್ಕೆ ಹಾಜರಾದಳು. ಅವತ್ತು ಬಂದ ಚೀಲಗಳಲ್ಲಿ ಹೆರಿಗೆ ವಾರ್ಡಿನ ಚೀಲವೂ ಇತ್ತು. ಒಂದೊಂದೇ ಹಾಸು ಎತ್ತಿದಳು. ಒಂದೊಂದರ ಮೇಲೂ ರಕ್ತ. ಯಾವುದು ತನ್ನದೋ ತಿಳಿಯಲಿಲ್ಲ. ಎಲ್ಲವನ್ನೂ ಕೆರೆದಳು. ಅಂದು ಅವಳು ಎಷ್ಟು ಸೇದಿದಳೆಂದರೆ ದೊಡ್ಡಕ್ಕನೇ ಕೈಯಿಂದ ಕಿತ್ತುಕೊಂಡಳು.

ಈಗ ಮತ್ತೆ ಬಸಿರು. ಗಂಡ ದೂರದ ಲಾರಿಗಳಲ್ಲಿ ಹೋದರೆ ಬಂದಾಗಲೇ ಬಂದ ಅನ್ನುವವನು. ಮನೆಯಲ್ಲಿ ಅತ್ತೆ ಮತ್ತು ಸೊಸೆ. ಅತ್ತೆಯ ನಾಲಿಗೆಗೆ ಮೂಳೆ ಇರಲಿಲ್ಲ.

"ಹೊಟ್ಟೇಲಿ ಕೂಸು, ಬಾಯಲ್ಲಿ ಕೊಳ್ಳಿ. ಒಂದನ್ನ ನುಂಗಿದ್ದು ಸಾಲ್ದೇನೇ ನಿಂಗೆ?"

"ನಾನು ನುಂಗಿದ್ನಾ ಅತ್ತೆ?"

"ಮತ್ತೆ ನಾನಾ?"

ಸಿಡುಕಿ ಸಿಡುಕಲಿಲ್ಲ. ಅತ್ತೆ ಹೇಳುವುದರಲ್ಲಿ ಸುಳ್ಳೇನೂ ಇಲ್ಲ ಎಂದು ಅವಳಿಗೇ ಅನ್ನಿಸಿತ್ತು. ಹೊಗೆ ಒಳ್ಳೆಯದಲ್ಲ ಎಂಬುದು ತಿಳಿಯಲು ಯಾರೂ ಡಾಕ್ಟರಾಗಬೇಕಿಲ್ಲ. ಸೇದುವಾಗ ತನ್ನ ಎದೆಯೇ ಕಟ್ಟುತ್ತದೆ, ಇನ್ನು ಒಳಗಿರುವ ಜೀವದ ಪಾಡೇನು?

ಅಂಥ ಹೊತ್ತಿಗೆ ಆರೋಗ್ಯ ಮಂಡಳಿಯವರು ಕಾರ್ಖಾನೆಗೆ ಬಂದರು. ಬಸುರಿಯರ ಸಿಗರೇಟು ಬಿಡಿಸುವ ಹೊಸ ಸೇವೆ. ಮಂಡಳಿ ಟೆಂಡರು ಕರೆದು ಆ ಕೆಲಸವನ್ನು ಒಂದು ಸಂಸ್ಥೆಗೆ ಒಪ್ಪಿಸಿತ್ತು. ಸಂಸ್ಥೆಯವರು ಮೊದಲು ಗೋಡೆಗೆ ಪೋಸ್ಟರು ಅಂಟಿಸಿದರು. ಪೋಸ್ಟರಿನಲ್ಲಿ ಒಬ್ಬಳು ದುಂಡನೆಯ ಬಸುರಿ ಹೂವಿನ ತೋಟದಲ್ಲಿ ಕುರ್ಚಿ ಹಾಕಿಕೊಂಡು ಕೂತು ನಗುತ್ತಿದ್ದಳು.

"ನೋಡ್ರೇ, ಕುರ್ಚಿ ಸಿಕ್ಕಿದ್ರೆ ನಾನೂ ಹಂಗೇ ನಗ್ತೀನಿ," ಅಂದಳು ದೊಡ್ಡಕ್ಕ.

ಪೋಸ್ಟರಿನ ಹಿಂದೆ ಸಂಸ್ಥೆಯ ಸಲಹೆಗಾರ್ತಿ ಬಂದಳು. ಅಂಗೈಯಲ್ಲಿ ಹಿಡಿಯುವಂಥ ಮಿಷನ್ನು, ಅದಕ್ಕೊಂದು ಕೊಳವೆ. ಊದಿದರೆ ಉಸಿರಿನಲ್ಲಿರುವ ಹೊಗೆಯ ವಿಷ ಎಷ್ಟೆಂದು ದೀಪ ಹೇಳುತ್ತದೆ. ಹಸಿರು ಬಂದರೆ ಸುಖ, ಕೆಂಪು ಬಂದರೆ ಪಾಪಿ. ಅವಳಿಗೆ ಅದೇ ದಿನ ಊದೋ ಮೇಡಂ ಎಂಬ ಹೆಸರು ಬಿತ್ತು. "ಆ ಪೀಪಿ ತಾನು ಊದ್ತಾನೆ, ಈ ಪೀಪಿ ನಮ್ಮ ಕೈಲಿ ಊದಿಸ್ತಾಳೆ" ಎಂದು ಹೆಂಗಸರು ಮುಸಿಮುಸಿ ನಕ್ಕರು.

ಊದಿಸಿದ್ದು ಎಲ್ಲರ ಮುಂದೆ, ಊಟದ ಕಟ್ಟೆಯ ಬಳಿ. ಇಡೀ ಪಾಳಿ ಬ್ರೆಡ್ಡು ಜಗಿಯುತ್ತ ನೋಡುತ್ತಿತ್ತು. ಸಿಡುಕಿ ಊದಿದಳು. ಕೆಂಪು.

"ನೋಡಮ್ಮ," ಮೇಡಂ ದನಿ ಎತ್ತಿ ಹೇಳಿದಳು, ಒಬ್ಬಳಿಗೆ ಹೇಳಿ ಹತ್ತು ಜನಕ್ಕೆ ಪಾಠವಾಗಲಿ ಎಂದು. "ಒಳಗಿರೋ ಮಗು ಉಸಿರಿಗೆ ಒದ್ದಾಡ್ತಿದೆ. ನಿನ್ನ ಚಟ ದೊಡ್ಡದೋ, ಮಗು ದೊಡ್ಡದೋ?"

ಸಿಡುಕಿ ತಲೆ ತಗ್ಗಿಸಿದಳು. ಸಾಲುಗಟ್ಟಿ ನಿಂತವರ ಮುಂದೆ ಬತ್ತಲೆ ಮಾಡಿದ ಹಾಗಾಯಿತು. ಆದರೂ ಮನಸ್ಸಿನಲ್ಲಿ ಒಂದು ಮಾತು ಗಟ್ಟಿ ಮಾಡಿಕೊಂಡಳು. ಈ ಸಲ ಬದುಕಿಸಿಕೊಳ್ಳಬೇಕು. ಏನಾದರಾಗಲಿ, ಈ ಸಲ ಇದು ಬದುಕಬೇಕು.

ಬಿಟ್ಟಳು. ಬಿಡುವುದೆಂದರೆ ಪೋಸ್ಟರಿನಲ್ಲಿ ಬರೆದಷ್ಟು ಸುಲಭವಲ್ಲ. ತಲೆ ಸಿಡಿಯಿತು, ನಿದ್ದೆ ಹಾರಿತು. ಅತ್ತೆಯ ಮೇಲೆ ಪಾತ್ರೆ ಎಸೆದಳು. ಅತ್ತೆ ಬೈಯುತ್ತಲೇ ಪಾತ್ರೆ ಎತ್ತಿಟ್ಟು, ಬ್ರೆಡ್ಡಿನ ಒಣ ಅಂಚುಗಳನ್ನು ಕೊಯ್ದು ಚೀಲದಲ್ಲಿ ಕಟ್ಟಿಕೊಟ್ಟಳು. "ಬಾಯಿ ಕೇಳಿದಾಗ ಇದನ್ನ ಕಡಿ. ನನ್ನ ತಲೆ ಕಡೀಬೇಡ." ಎಲ್ಲಕ್ಕಿಂತ ಕಷ್ಟವಾದದ್ದು ಸತ್ತಿದ್ದ ಮೂಗು ಮತ್ತೆ ಬದುಕಿದ್ದು. ಚೀಲ ಬಿಚ್ಚಿದರೆ ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ಬರುತ್ತಿತ್ತು. ಆಸ್ಪತ್ರೆಯ ವಾಂತಿಯ ಮೇಲೆ ತಾನೂ ವಾಂತಿ ಮಾಡಿ, ಎರಡನ್ನೂ ತಾನೇ ಕೆರೆದಳು. ಸಿಗರೇಟು ಮಾತ್ರ ಮುಟ್ಟಲಿಲ್ಲ.

ಮುಟ್ಟದ ಮೇಲೆ ಬೆಂಚು ಎಲ್ಲಿಯದು?

ಬೆಳಗಿನ ಪೀಪಿಗೆ ಎಲ್ಲರೂ ಹೊಗೆಕೋಣೆಗೆ ಹೋದರೆ ಸಿಡುಕಿ ಒಬ್ಬಳೇ ಮೇಜಿನ ಮುಂದೆ ಉಳಿದಳು. ಕಾಲು ಊದಿಕೊಂಡು ಬೂಟಿನೊಳಗೆ ಹೋಗದಾಯಿತು. ಬೂಟಿನ ಅಂಚು ಕತ್ತರಿಸಿದಳು. ಸೊಂಟದಲ್ಲಿ ಮೊಳೆ ಹೊಡೆದ ನೋವು. ಎಲ್ಲಕ್ಕಿಂತ ದೊಡ್ಡ ಹೆದರಿಕೆ ಬೇರೆಯಿತ್ತು. ನಿಂತಾಗ ಮಗು ಮಿಸುಕುವುದು ತಿಳಿಯುತ್ತಿರಲಿಲ್ಲ. ಕೂತರೆ, ಒಂದಿಷ್ಟು ಹೊತ್ತು ಸುಮ್ಮನೆ ಕೂತರೆ, ಒಳಗಿನಿಂದ ಒದೆ ಬೀಳುತ್ತಿತ್ತು. ಇದ್ದೀನಿ ಕಣೇ ಅನ್ನುವ ಹಾಗೆ. ಆ ಒದೆಗಾಗಿ ಅವಳಿಗೆ ಕೂರಬೇಕಿತ್ತು. ಹೋದ ಸಲ ಆದದ್ದು ಈ ಸಲ ಆಗಬಾರದು.

ಪೀಪಿಯ ಹತ್ತಿರ ಹೋದಳು.

"ಸಾರ್, ಒಂದು ಸ್ಟೂಲ್ ಕೊಡಿ. ಸ್ವಲ್ಪ ಹೊತ್ತು ಕೂತು ಏಳ್ತೀನಿ."

"ಸ್ಟೂಲ್ ಹಾಕಿದ್ರೆ ನಾಳೆ ಎಲ್ರೂ ಕೂರ್ತಾರೆ."

"ಕೂತ್ರೆ ಏನಾಗುತ್ತೆ ಸಾರ್?"

"ಕೂತ್ರೆ ಕೆಲಸ ಮಾಡೋರ್ಯಾರು? ಬಿಡುವು ಬೇಕಾದ್ರೆ ಹೊಗೆಕೋಣೆಗೆ ಹೋಗು. ನಿಯಮ ಇದೆಯಲ್ಲ."

"ನಾನು ಬಿಟ್ಟಿದ್ದೀನಲ್ಲ ಸಾರ್."

"ಬಿಟ್ಟಿದ್ರೆ ನಿಲ್ಲು," ಅಂದ. ಆಮೇಲೆ ಅವಳ ಹೊಟ್ಟೆಯ ಕಡೆ ನೋಡಿ, ಏನೋ ದೊಡ್ಡ ಉಪಕಾರ ಮಾಡುವವನಂತೆ ದನಿ ತಗ್ಗಿಸಿದ. "ಕೈಯಲ್ಲಿ ಒಂದು ಹಿಡ್ಕೊಂಡು ಕೂತ್ಕೋ ಹೋಗು. ಹಚ್ಚಿದ್ಯಾ ಇಲ್ವಾ ಅಂತ ನಾನೇನು ಬಂದು ನೋಡಲ್ಲ."

ಹೀಗೆ ಸಿಡುಕಿ ಮತ್ತೆ ಹೊಗೆಕೋಣೆಗೆ ಹೋದಳು, ಹಚ್ಚದ ಸಿಗರೇಟನ್ನು ಬೆರಳ ನಡುವೆ ಹಿಡಿದುಕೊಂಡು. ದೊಡ್ಡಕ್ಕ ಉಳಿದವರನ್ನು ಗದರಿಸಿ ಬೆಂಚಿನ ತುದಿ ಬಿಡಿಸಿಕೊಟ್ಟಳು. ತಾನು ಬಾಗಿಲ ಸಂದಿಗೆ ಬಾಯಿಟ್ಟು ಹೊಗೆ ಬಿಟ್ಟಳು. ಆದರೆ ತಗಡಿನ ಆ ಗೂಡಿನಲ್ಲಿ ಅಷ್ಟು ಜನ ಸೇದಿದರೆ ಹೊಗೆ ಎಲ್ಲಿಗೆ ಹೋದೀತು? ಫ್ಯಾನು ಸತ್ತಿದೆ, ಕಿಟಕಿ ಇಲ್ಲ. ಸಿಡುಕಿ ಮೂಗಿಗೆ ತೋಳು ಒತ್ತಿಕೊಂಡು ಕೂತಳು. ಒದೆ ಬಿತ್ತು. ಅವಳು ಕಣ್ಣು ಮುಚ್ಚಿದಳು. ಅತ್ತ ದರಿ, ಇತ್ತ ಪುಲಿ. ನಿಂತರೆ ಮಗು ಇದೆಯೋ ಇಲ್ಲವೋ ತಿಳಿಯದು, ಕೂತರೆ ಮಗುವಿಗೆ ಹೊಗೆ.

ಮುಂದಿನ ಸಲ ಊದಿಸಿದಾಗ ದೀಪ ಕೆಂಪಾಯಿತು.

"ನಾನು ಸೇದಿಲ್ಲ ಮೇಡಂ."

"ಮಿಷನ್ ಸುಳ್ಳು ಹೇಳುತ್ತಾ?"

"ಮಿಷನ್ ಏನು ಹೇಳುತ್ತೋ ಗೊತ್ತಿಲ್ಲ. ನಾನು ಸೇದಿಲ್ಲ."

ಆಗ ಆ ಹೆಂಗಸು ಮಾಡಿದ್ದನ್ನು ಬರೆಯಲು ಅಸಹ್ಯವಾಗುತ್ತದೆ. "ಕೈ ಕೊಡು" ಅಂದಳು. ಬೆರಳುಗಳನ್ನು ಮೂಸಿದಳು. "ಬಾಯಿ ತೆಗಿ" ಅಂದಳು. ಬಾಯಿ ಮೂಸಿದಳು. ಕೊನೆಗೆ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿಸಿ ಕೂದಲು ಹಿಡಿದು ಮೂಸಿದಳು. ಸಂತೆಯಲ್ಲಿ ದನದ ಹಲ್ಲು ನೋಡುವವನಿಗೂ ಅಷ್ಟು ಧೈರ್ಯ ಇರುವುದಿಲ್ಲ, ದನ ಹಾಯುತ್ತದೆಂಬ ಭಯ ಇರುತ್ತದೆ.

"ಕೂದಲೆಲ್ಲ ಹೊಗೆ ನಾತ! ನನ್ನ ಮುಂದೇನೇ ನಾಟಕ ಆಡ್ತೀಯಾ?"

ಸಿಡುಕಿಯ ಮೂಗಿನ ತುದಿ ಕೆಂಪಾಯಿತು. ಆದರೂ ನುಂಗಿಕೊಂಡು ಎಲ್ಲ ಹೇಳಿದಳು. ಬೆಂಚು ಇರುವುದು ಹೊಗೆಕೋಣೆಯಲ್ಲಿ ಮಾತ್ರ. ಕೂರದಿದ್ದರೆ ಮಗು ಒದೆಯುವುದು ತಿಳಿಯುವುದಿಲ್ಲ. ಹೋದ ಸಲ ಹಾಗೇ ಆಯಿತು. ಹೊರಗೆ ಒಂದೇ ಒಂದು ಕುರ್ಚಿ ಕೊಡಿಸಿದರೆ ಆ ಕೋಣೆಯ ಕಡೆ ತಲೆ ಹಾಕಿ ಮಲಗುವುದಿಲ್ಲ.

ಮೇಡಂ ಕೊಳವೆಯನ್ನು ಒರೆಸುತ್ತ ಕೇಳಿಸಿಕೊಂಡಳು. ಒರೆಸಿದ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಬುಟ್ಟಿಗೆ ಹಾಕಿದಳು.

"ಅದು ನಮಗೆ ಬರಲ್ಲಮ್ಮ. ಮಂಡಳಿ ನಮಗೆ ವಹಿಸಿರೋದು ಸಿಗರೇಟು ಬಿಡಿಸೋ ಕೆಲಸ. ಕುರ್ಚಿ ಕೊಡಿಸೋ ಕೆಲಸ ಅಲ್ಲ."

"ಮತ್ತೆ ಅದು ಯಾರಿಗೆ ಬರುತ್ತೆ?"

"ಅದನ್ನ ನಿಮ್ಮ ಕಂಪನಿಯವರನ್ನ ಕೇಳು." ಆಮೇಲೆ ಹತ್ತಿರ ಬಂದು ಪಿಸುಗುಟ್ಟಿದಳು. "ನೋಡು, ಬರೋ ವಾರ ಮಂಡಳಿ ನಿರ್ದೇಶಕಿ ಬರ್ತಾರೆ. ಬಿಟ್ಟವಳು ಅಂತ ಒಬ್ಬಳನ್ನಾದ್ರೂ ತೋರಿಸ್ಬೇಕು, ಇಲ್ಲದಿದ್ರೆ ಈ ಸೇವೇನೇ ಬೇರೆಯವರಿಗೆ ಹೋಗುತ್ತೆ. ಅಲ್ಲೀವರೆಗೆ ಆ ಕೋಣೆಗೆ ಹೋಗ್ಬೇಡ. ಹಲ್ಲು ಕಚ್ಚಿ ನಿಂತುಬಿಡು. ಹಸಿರು ಬಂದ್ರೆ ನಿನಗೂ ಹೆಸರು, ನಮಗೂ ಹೆಸರು."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆದರೂ ಸಿಡುಕಿ ನಿಂತಳು. ಹೆಸರಿಗಲ್ಲ. ದೊಡ್ಡ ನಿರ್ದೇಶಕಿ ಬಂದರೆ ಅವರ ಕಿವಿಗಾದರೂ ಒಂದು ಮಾತು ಹಾಕಬಹುದು, ದೊಡ್ಡವರಿಗೆ ಒಂದು ಕುರ್ಚಿ ಯಾವ ಲೆಕ್ಕ ಎಂಬ ಆಸೆಗೆ. ಬಡವರ ಆಸೆಗೂ ಒಂದು ಮಿತಿ ಬೇಡವೇ?

ಆ ದಿನ ಬಂತು. ಕೆಲಸ ಮಾಡುವ ಜಾಗದಲ್ಲೇ ಫೋಟೋ ಬರಬೇಕೆಂದು ಸಮಾರಂಭವನ್ನು ಬೇರ್ಪಡಿಸುವ ಕೋಣೆಯಲ್ಲೇ ಇಟ್ಟರು. ಮೈಲಿಗೆ ಬಟ್ಟೆಯನ್ನೆಲ್ಲ ಮೂಲೆಗೆ ಒತ್ತರಿಸಿ ಪರದೆ ಎಳೆದರು. ಪೀಪಿ ಎರಡು ಡಬ್ಬಿ ಸುಗಂಧ ಹೊಡೆದ. ಈಗ ಹೇಲಿನ ಮೇಲೆ ಗುಲಾಬಿ ಬಿದ್ದ ನಾತ ಬಂತು. ಎಲ್ಲಿಂದಲೋ ಕುರ್ಚಿಗಳು ಬಂದವು. ಹೌದು ಸ್ವಾಮಿ, ಕುರ್ಚಿಗಳು! ಒಂದಲ್ಲ, ಒಂದು ಸಾಲು. ಅವುಗಳಿಗೆ ಒಗೆದ ಬಿಳಿ ಹಾಸುಗಳನ್ನು ಹೊದಿಸಿದರು. ಹೋದ ವಾರ ಆ ಹಾಸುಗಳ ಮೇಲೆ ಯಾರು ಏನು ಮಾಡಿಕೊಂಡಿದ್ದರು ಎಂಬುದು ಕೆರೆದ ಹೆಂಗಸರಿಗೆ ಗೊತ್ತು. ಕೂರುವವರಿಗೆ ಗೊತ್ತಿಲ್ಲ.

ನಿರ್ದೇಶಕಿ ಬಂದಳು, ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಬಂದಳು. ಮಾಲೀಕ, ಊದೋ ಮೇಡಂ, ಕ್ಯಾಮೆರಾದವನು, ಎಲ್ಲರೂ ಕುರ್ಚಿ ಹಿಡಿದರು. ಹೆಂಗಸರು ಒಳಬಾಗಿಲ ಪಕ್ಕದ ಗೋಡೆಗೆ ಸಾಲಾಗಿ ನಿಂತರು. ಭಾಷಣ ಕೇಳಲೂ ನಿಂತೇ ಇರಬೇಕು.

ಸಿಡುಕಿಗೆ ಭಾಷಣ ಕೇಳಿಸುತ್ತಿರಲಿಲ್ಲ. ಬೆಳಗ್ಗೆ ಎದ್ದಾಗಿನಿಂದ ಒದೆ ಬಿದ್ದಿರಲಿಲ್ಲ. ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಬಂದವಳನ್ನು ಪೀಪಿ ಕುರ್ಚಿಗೆ ಹಾಸು ಹೊದಿಸಲು ಹಚ್ಚಿದ್ದ. ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಒತ್ತಿದಳು. ಏನೂ ಇಲ್ಲ. ಕಲ್ಲಿನ ಹಾಗೆ ಗಟ್ಟಿ.

"ತಾಯಿ ಮನಸ್ಸು ಮಾಡಿದರೆ ಏನನ್ನು ಬೇಕಾದರೂ ಬಿಡಬಹುದು," ಎನ್ನುತ್ತಿದ್ದಳು ನಿರ್ದೇಶಕಿ, ಕರವಸ್ತ್ರವನ್ನು ಒಂದು ಗಳಿಗೆ ಕೆಳಗಿಳಿಸಿ. "ಇದು ಇಚ್ಛಾಶಕ್ತಿಯ ಪ್ರಶ್ನೆ."

"ಅಕ್ಕ," ಸಿಡುಕಿ ಪಿಸುಗುಟ್ಟಿದಳು, "ಮಿಸುಕ್ತಿಲ್ಲ."

"ಏನು?"

"ಬೆಳಗಿಂದ ಮಿಸುಕಿಲ್ಲ."

ದೊಡ್ಡಕ್ಕನ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಪೀಪಿ ಕೈ ಬೀಸಿ ಕರೆದ. ಮಾಲೀಕ ಹೊಸ ಪೋಸ್ಟರಿನ ಪರದೆ ಸರಿಸಲು ಎದ್ದು ಹೋಗಿದ್ದ. ಸಿಡುಕಿ ಮುಂದೆ ಬಂದು ಊದಬೇಕು, ಹಸಿರು ತೋರಿಸಬೇಕು, ಕಂಬಳಿಯ ಉಡುಗೊರೆ ತೆಗೆದುಕೊಂಡು ನಗಬೇಕು. ಎಲ್ಲ ಮೊದಲೇ ಹೇಳಿಕೊಟ್ಟಿದ್ದರು.

ಸಿಡುಕಿ ಮುಂದೆ ಬಂದಳು. ಊದೋ ಮೇಡಂ ಕೊಳವೆ ಚಾಚಿದಳು. ಸಿಡುಕಿ ಅವಳನ್ನು ದಾಟಿಕೊಂಡು ಹೋಗಿ ಮಾಲೀಕನ ಕುರ್ಚಿಯ ಮೇಲೆ ಕೂತಳು.

ಕ್ಯಾಮೆರಾದವನಿಗೆ ಫೋಟೋ ತೆಗೆಯಬೇಕೋ ಬೇಡವೋ ತಿಳಿಯಲಿಲ್ಲ.

"ಏಯ್, ಏಳು!" ಪೀಪಿ ಓಡಿ ಬಂದ. "ಅದು ಸಾಹೇಬ್ರ ಕುರ್ಚಿ!"

"ಏಳಲ್ಲ."

"ತಲೆಗಿಲೆ ಕೆಟ್ಟಿದ್ಯಾ ನಿಂಗೆ?"

"ಬೆಳಗಿಂದ ನನ್ನ ಮಗು ಒದ್ದಿಲ್ಲ. ಅದು ಒದೆಯೋವರೆಗೂ ನಾನು ಏಳಲ್ಲ."

ಊದೋ ಮೇಡಂ ಹಲ್ಲು ಕಿರಿಯುತ್ತ ನಿರ್ದೇಶಕಿಯ ಕಡೆ ನೋಡಿ, ಸಿಡುಕಿಯ ಕಿವಿಗೆ ಬಗ್ಗಿದಳು. "ಊದಿಬಿಡಮ್ಮ, ಬೇಗ. ಆಮೇಲೆ ಏನು ಬೇಕಾದ್ರೂ ಮಾಡು."

ಸಿಡುಕಿ ಕೊಳವೆ ಕಸಿದುಕೊಂಡು ಕೂತಲ್ಲಿಂದಲೇ ಊದಿದಳು. ಹಸಿರು. ಮಿಷನ್ನನ್ನು ಮೇಡಂ ಕೈಗೆ ತುರುಕಿದಳು.

"ತಗೋ ನಿನ್ನ ಹಸಿರು. ಅದು ಬರಲಿ ಅಂತ ಒಂದು ವಾರ ನಿಂತಿದ್ದೀನಿ. ಒಳಗಿರೋದು ಬದುಕಿದ್ಯಾ ಅಂತ ನಿನ್ನ ಮಿಷನ್ ಹೇಳುತ್ತಾ? ಹೇಳುತ್ತಾ?"

"ನನ್ನ ಹತ್ರ ಇದೊಂದೇ ಇರೋದು," ಅಂದಳು ಮೇಡಂ. ಅವಳ ದನಿ ಸಣ್ಣದಾಗಿತ್ತು.

ನಿರ್ದೇಶಕಿ ಡಾಕ್ಟರಂತೆ. ಹೆಸರಿನ ಮುಂದೆ ಹಾಗೇ ಬರೆದಿತ್ತು. ಎರಡು ಹೆಜ್ಜೆ ಮುಂದೆ ಬಂದು ಸಿಡುಕಿಯ ಹೊಟ್ಟೆಯ ಮೇಲೆ ಒಂದು ಕೈ ಇಡಬಹುದಿತ್ತು. ಬಂದಳು ಕೂಡ. ಆದರೆ ಏಪ್ರನ್ನಿನ ಮೇಲೆ ಒಣಗಿದ್ದ ಕಲೆ ಕಣ್ಣಿಗೆ ಬಿತ್ತು. ಚಾಚಿದ ಕೈ ಹಿಂದೆ ಹೋಯಿತು, ಕರವಸ್ತ್ರ ಮತ್ತೆ ಮೂಗಿಗೆ ಏರಿತು. ಥೂ! ಅವರ ಮಂಡಳಿಯ ಆಸ್ಪತ್ರೆಯ ಕಲೆಯೇ ಅದು, ಸಿಡುಕಿ ಮನೆಯಿಂದ ತಂದದ್ದಲ್ಲ.

"ನಿನಗೆ ಏನು ಬೇಕಮ್ಮ?" ದೂರದಿಂದಲೇ ಕೇಳಿದಳು.

"ಕೂರೋಕೆ ಜಾಗ."

"ಅಷ್ಟೇನಾ?"

"ಅಷ್ಟೇ. ಇಲ್ಲಿ ಸೇದಿದ್ರೆ ಮಾತ್ರ ಕೂರಿಸ್ತಾರೆ. ಸೇದೋದು ಬಿಡು ಅಂತ ನೀವಂತೀರಿ, ಬಿಟ್ರೆ ನಿಲ್ಲು ಅಂತ ಇವರಂತಾರೆ. ಇಬ್ರೂ ಸೇರಿ ನನ್ನ ಮಗೂನ ಕೊಲ್ತಿದ್ದೀರಿ."

"ಮುಂದಿನ ಸಭೆಯಲ್ಲಿ ಇದನ್ನ ಖಂಡಿತ ಚರ್ಚೆಗೆ ತಗೋತೀವಿ. ಈಗ ಎದ್ದೇಳು, ಫೋಟೋ ಒಂದು..."

"ಏಳಲ್ಲ ಅಂದ್ನಲ್ಲ."

ಮಾಲೀಕ ಪೀಪಿಯ ಕಡೆ ನೋಡಿದ. ಪೀಪಿ ತನಗೆ ತಿಳಿದದ್ದನ್ನು ಮಾಡಿದ. ಕೆನ್ನೆ ಉಬ್ಬಿಸಿ ಉದ್ದಕ್ಕೆ ಊದಿದ, ಕೆಲಸ ಶುರು ಎಂದು. ಅಷ್ಟು ವರ್ಷ ಆ ಸದ್ದಿಗೆ ಓಡಿದ ಕಾಲುಗಳು ಅವತ್ತು ಕದಲಲಿಲ್ಲ. ಮತ್ತೆ ಊದಿದ. ದೊಡ್ಡಕ್ಕ ಗೋಡೆಗೆ ಬೆನ್ನು ಒರಗಿಸಿ, ಮಂಡಿ ಹಿಡಿದು, "ಅಮ್ಮಾ" ಎಂದು ನರಳುತ್ತ ನೆಲಕ್ಕೆ ಕುಸಿದು ಕೂತಳು. ಅವಳ ಪಕ್ಕದವಳು ಕೂತಳು. ಆಮೇಲೆ ಇಡೀ ಸಾಲು ಕೂತಿತು. ಒಳಬಾಗಿಲಿಗೆ ಅಡ್ಡವಾಗಿ ಕೂತಿತು. ಈಗ ಅದನ್ನು ದಾಟಬೇಕೆಂದರೆ ಅವರ ತಲೆಯ ಮೇಲೇ ಹೋಗಬೇಕು.

ಆ ಹೊತ್ತಿಗೆ ಸರಿಯಾಗಿ ಆಸ್ಪತ್ರೆಯ ಲಾರಿ ಬಂತು. ಡ್ರೈವರನಿಗೆ ಸಮಾರಂಭವೂ ಗೊತ್ತಿಲ್ಲ, ನಿರ್ದೇಶಕಿಯೂ ಗೊತ್ತಿಲ್ಲ. ದಿನದ ಹಾಗೆ ಹಿಂಬಾಗಿಲಿಗೆ ಬೆನ್ನು ಕೊಟ್ಟ, ಹಾರನ್ ಹೊಡೆದ, ಹಿಂದಿನ ಹಲಗೆ ಬಿಚ್ಚಿದ. ಕೆಂಪು ಚೀಲಗಳು ಒಂದರ ಮೇಲೊಂದು ಉರುಳಿ ಬಾಗಿಲು ತುಂಬಿದವು. ಎತ್ತಿಡುವ ಕೈಗಳೆಲ್ಲ ನೆಲದ ಮೇಲೆ ಕೂತಿದ್ದವು. ಒಂದು ಚೀಲ ಬಿಳಿ ಹಾಸಿನ ಕುರ್ಚಿಗಳವರೆಗೂ ಉರುಳಿ ಬಂದು, ಬಾಯಿ ಬಿಚ್ಚಿಕೊಂಡು, ಒಳಗಿದ್ದದ್ದನ್ನು ಕಕ್ಕಿತು.

ಗುಲಾಬಿ ಸತ್ತಿತು. ನಾತ ಎದ್ದಿತು.

ಕ್ಯಾಮೆರಾದವನು ಮೂಲೆಗೆ ಓಡಿ ವಾಂತಿ ಮಾಡಿದ. ಮಾಲೀಕ ತನ್ನದೇ ಕಾರ್ಖಾನೆಯ ನಾತಕ್ಕೆ ಅಂಗಿಯ ತುದಿ ಎತ್ತಿ ಮೂಗು ಮುಚ್ಚಿಕೊಂಡ. ನಿರ್ದೇಶಕಿ ಗಂಟಲಿಗೆ ಬಂದದ್ದನ್ನು ನುಂಗಿಕೊಂಡು ಹಿಂಬಾಗಿಲ ಕಡೆ ನೋಡಿದಳು, ಚೀಲ. ಒಳಬಾಗಿಲ ಕಡೆ ನೋಡಿದಳು, ಹೆಂಗಸರು.

"ಇದನ್ನ ತೆಗೀರಿ! ಯಾರಾದ್ರೂ ತೆಗೀರಿ ಇದನ್ನ!"

ಯಾರೂ ಏಳಲಿಲ್ಲ. ಪೀಪಿ ಚೀಲದ ಹತ್ತಿರ ಹೋದ, ತನ್ನ ಬರಿಗೈ ನೋಡಿಕೊಂಡ, ವಾಪಸು ಬಂದ.

ದೊಡ್ಡಕ್ಕ ಕೂತಲ್ಲಿಂದಲೇ ಜೇಬಿಗೆ ಕೈ ಹಾಕಿದಳು. ಒಂದು ಸಿಗರೇಟು ತೆಗೆದು ನಿರ್ದೇಶಕಿಯ ಕಡೆ ಚಾಚಿದಳು. ಅವಳ ದನಿಯಲ್ಲಿ ಗೇಲಿ ಇರಲಿಲ್ಲ. ಹೊಸದಾಗಿ ಸೇರಿದವಳಿಗೆ ಹೇಳುವ ಹಾಗೆ ಹೇಳಿದಳು.

"ತಡ್ಕೊಳೋಕಾಗ್ತಿಲ್ವಾ ಮೇಡಂ? ಒಂದು ಎಳೀರಿ. ನಾವೆಲ್ಲ ಕಲಿತಿದ್ದೂ ಹಿಂಗೇನೇ."

ನಿರ್ದೇಶಕಿ ಅದನ್ನೇ ನೋಡುತ್ತ ನಿಂತಳು. ಅವಳ ಕುರ್ಚಿಯ ಸುತ್ತ ಚೀಲದ ನೀರು ಹರಡಿತ್ತು, ಕೂರುವ ಹಾಗಿರಲಿಲ್ಲ.

ಸಿಡುಕಿ ಯಾರನ್ನೂ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಎರಡೂ ಅಂಗೈಗಳನ್ನು ಹೊಟ್ಟೆಗೆ ಕೊಟ್ಟು, ಉಸಿರು ಬಿಗಿಹಿಡಿದು ಕೂತಿದ್ದಳು. ಹೊರಗೆ ಲಾರಿಯ ಹಾರನ್ನು. ಒಳಗೆ ಮಾಲೀಕನ ಬೈಗುಳ. ಕೆಲಸದಿಂದ ತೆಗೆಯುತ್ತೇನೆ, ಪೊಲೀಸರನ್ನು ಕರೆಸುತ್ತೇನೆ, ಎಲ್ಲರನ್ನೂ ಬೀದಿಗೆ ಹಾಕುತ್ತೇನೆ ಎಂದು ಕೂಗುತ್ತಿದ್ದ. ಅವಳು ಕಾದಳು. ಬಾರೋ, ಬಾರೇ, ಯಾರಾದರೂ ಆಗಿರು, ಒಂದು ಸಲ ಒದಿ. ಸಿಟ್ಟಿನಿಂದಲಾದರೂ ಒದಿ. ನಿನ್ನಮ್ಮ ಸಿಡುಕಿ ಕಣೇ.

ಬಲಗೈಯ ಕೆಳಗೆ, ಪಕ್ಕೆಗೆ, ಒಂದು ಒದೆ ಬಿತ್ತು.

ಅವಳು ಉಸಿರು ಬಿಟ್ಟಳು. ಮತ್ತೊಂದು ಬಿತ್ತು, ಮೊದಲಿನದಕ್ಕಿಂತ ಗಟ್ಟಿ. ಸಿಡುಕಿಯ ಕಣ್ಣಿಂದ ನೀರು ದಳದಳ ಇಳಿಯಿತು. ಗೋಡೆಯ ಕಡೆ ತಿರುಗಿ ದೊಡ್ಡಕ್ಕನಿಗೆ ತಲೆ ಆಡಿಸಿದಳು. ಕೂತ ಹೆಂಗಸರ ಸಾಲಿನಲ್ಲಿ ಒಂದು ದೊಡ್ಡ ನಿಟ್ಟುಸಿರು ಎದ್ದಿತು.

ಪೀಪಿ ಅದನ್ನು ಕಂಡ.

"ಒದೀತಲ್ಲ?" ಅಂದ. "ಒದೆಯೋವರೆಗೂ ಅಂದಿದ್ದೆ. ಒದ್ದಾಯ್ತು. ಈಗ ಏಳು."

ಸಿಡುಕಿ ಕಣ್ಣೊರೆಸಿಕೊಂಡಳು. ಕತ್ತರಿಸಿದ ಬೂಟುಗಳನ್ನು ಒಂದೊಂದಾಗಿ ಕಳಚಿ ಪಕ್ಕಕ್ಕಿಟ್ಟಳು. ಊದಿದ ಪಾದಗಳನ್ನು ಮುಂದಕ್ಕೆ ಚಾಚಿದಳು. ಬೆನ್ನನ್ನು ಕುರ್ಚಿಗೆ ಪೂರ್ತಿ ಒರಗಿಸಿದಳು.

ಏಳಲಿಲ್ಲ.